'ಒಳಪದರಕ್ಕೆ ಅಂಟೇ ಇಲ್ಲ' ಅಂದರೆ ಏನರ್ಥ ಡಾಕ್ಟ್ರೇ?

ಪ್ರಶ್ನೆ: ನನಗೆ 31 ವರ್ಷ, ಊರು ಪಾಂಡವಪುರದ ಹತ್ತಿರ. ಮದುವೆಯಾಗಿ ಏಳು ವರ್ಷ ಆಯಿತು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಿದೆವು. ಮೊದಲ ಸಲ ಮೂರು ದಿನದ ಎರಡು ಭ್ರೂಣ, ಎರಡನೇ ಸಲ ಐದು ದಿನದ ಒಂದು ಭ್ರೂಣ ಹಾಕಿದರು. ಎರಡೂ ನಿಲ್ಲಲಿಲ್ಲ. ಗರ್ಭಕೋಶದ ಒಳಪದರ 9 ಮಿ.ಮೀ. ಇದೆ, ಚೆನ್ನಾಗಿದೆ ಎಂದೇ ಹೇಳಿದ್ದರು. ಈಗ ನೋಡಿದರೆ 'ಅಂಟಿಸುವ ಅಣು ಕಮ್ಮಿ ಇರಬಹುದು, ಇಂಟಿಗ್ರಿನ್ ಟೆಸ್ಟ್ ಮಾಡಿಸಿ, ಒಳಪದರ ಸ್ವಲ್ಪ ಕೆರೆದು ಮುಂದಿನ ಸಲ ಗ್ಲೂ ಹಾಕೋಣ' ಅನ್ನುತ್ತಾರೆ. ಭ್ರೂಣ ಹಾಕಿದ ದಿನವೇ ನಾನು ಬಸ್ಸಲ್ಲಿ ಊರಿಗೆ ಬಂದಿದ್ದಕ್ಕೆ ಜಾರಿಹೋಯ್ತು ಅಂತಾರೆ ಅತ್ತೆಯವರು. ಮೂರು ವರ್ಷದ ಹಿಂದೆ ಟ್ಯೂಬ್ ಟೆಸ್ಟ್ ಮಾಡಿದಾಗ ಬಲಗಡೆ ಸರಿಯಿದೆ, ಎಡಗಡೆ ನಾಳದಲ್ಲಿ ನೀರು ತುಂಬಿದೆ ಅಂದಿದ್ದರು. ಐವಿಎಫ್‌ಗೆ ನಾಳ ಬೇಕಾಗಲ್ಲ ಎಂದು ಬಿಟ್ಟೆವು. ಇನ್ನೂ ಎರಡು ಭ್ರೂಣ ಫ್ರೀಜ್ ಮಾಡಿಟ್ಟಿದ್ದಾರೆ. ನನ್ನ ಒಳಪದರಕ್ಕೆ ನಿಜವಾಗಿಯೂ ಅಂಟು ಇಲ್ಲವೇ? ಈ ಟೆಸ್ಟ್ ಮಾಡಿಸಬೇಕೇ?

ಉತ್ತರ: ಬಸ್ಸಿನ ವಿಚಾರ ಮೊದಲು ಮುಗಿಸಿಬಿಡೋಣ ತಾಯಿ, ಏಕೆಂದರೆ ನಿಮ್ಮ ಪತ್ರದಲ್ಲಿ ಹೆಚ್ಚು ನೋವಿರುವುದು ಆ ಒಂದು ಸಾಲಿನಲ್ಲಿ. ಗರ್ಭಕೋಶ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಕೊಡ. ಕುಲುಕಿದರೆ ಒಳಗಿರುವುದು ತುಳುಕೀತು ಎಂಬ ಭಯ ಅಲ್ಲಿಂದಲೇ ಹುಟ್ಟುತ್ತದೆ. ಬಸಿರಿಲ್ಲದಾಗ ಅದರ ಮುಂದಿನ ಗೋಡೆ ಹಿಂದಿನ ಗೋಡೆಗೆ ತಾಗಿಕೊಂಡೇ ಇರುತ್ತದೆ, ನಡುವೆ ತೆಳ್ಳನೆಯ ಲೋಳೆ ಅಷ್ಟೆ. ತುಪ್ಪ ಸವರಿ ಒಂದರ ಮೇಲೊಂದು ಇಟ್ಟ ಎರಡು ಒಬ್ಬಟ್ಟಿನ ನಡುವೆ ಒಂದು ಕಾಳು ಚಿರೋಟಿ ರವೆ ಸಿಕ್ಕಿಕೊಂಡಿದೆ ಎಂದುಕೊಳ್ಳಿ. ತಟ್ಟೆ ಹಿಡಿದು ಮನೆಯೆಲ್ಲ ಓಡಾಡಿದರೂ ಆ ಕಾಳು ಬೀಳುವುದಿಲ್ಲ. ಭ್ರೂಣ ಇರುವುದೂ ಅಷ್ಟೇ ಗಾತ್ರದಲ್ಲಿ, ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಭ್ರೂಣ ಹಾಕಿದ ಮೇಲೆ ಮಲಗಿಸಿ ಇಡುವುದರಿಂದ ಲಾಭವಿದೆಯೇ ಎಂದು ಬೇರೆಬೇರೆ ಕಡೆ ಪರೀಕ್ಷಿಸಿ ನೋಡಿದ್ದಾರೆ. ಲಾಭ ಕಂಡಿಲ್ಲ, ಮಲಗಿದ್ದವರಿಗೇ ಫಲಿತಾಂಶ ತುಸು ಕಡಿಮೆ ಬಂದದ್ದೂ ಇದೆ. ಶ್ರೀರಂಗಪಟ್ಟಣದ ಮೇಲೆ ಪಾಂಡವಪುರಕ್ಕೆ ಹೋಗುವ ಬಸ್ಸು ನಿಮ್ಮ ಸೊಂಟವನ್ನು ನೋಯಿಸಿರಬಹುದು, ಭ್ರೂಣವನ್ನು ಬೀಳಿಸಿಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಬೈದು ಹೇಳಬೇಡಿ, ಅವರಿಗೂ ಮೊಮ್ಮಗುವಿನ ಆಸೆಯೇ.

ಇನ್ನು ಅಂಟು.

ನಮ್ಮ ಮಾತಿನಲ್ಲಿ ಬಸಿರು ನಿಂತಿತು ಅನ್ನುತ್ತೇವೆ, ಗರ್ಭ ಕಟ್ಟಿತು ಅನ್ನುತ್ತೇವೆ. ಮಾವಿನ ಹೂ ಉದುರಿ ಕಾಯಿ ಕಚ್ಚಿತು, ನಾಟಿ ಹಾಕಿದ ಪೈರು ಬೇರು ಕಚ್ಚಿತು ಅನ್ನುತ್ತೇವೆ. ಯಾವುದನ್ನೂ 'ಅಂಟಿತು' ಅನ್ನುವುದಿಲ್ಲ. ಹಳಬರ ಕಿವಿ ಸೂಕ್ಷ್ಮವಾಗಿತ್ತು ಅನ್ನಿಸುತ್ತದೆ ನನಗೆ. ಭ್ರೂಣ ಒಳಪದರಕ್ಕೆ ಸೇರುವ ಕೆಲಸ ಗೋಂದಿನಿಂದ ಕಾಗದ ಅಂಟಿಸಿದಂತಲ್ಲ, ಪೈರು ಬೇರು ಕಚ್ಚಿದಂತೆ. ಅದಕ್ಕೆ ಪೈರೂ ಗಟ್ಟಿ ಇರಬೇಕು, ಮಣ್ಣೂ ಹದಕ್ಕೆ ಬಂದಿರಬೇಕು, ಎರಡೂ ಒಂದೇ ವಾರದಲ್ಲಿ ಕೂಡಿಬರಬೇಕು. ನಿಮ್ಮ ಊರಿನ ಕಡೆ ನಾಲೆಗೆ ನೀರು ಬಿಟ್ಟ ದಿನದಿಂದ ಲೆಕ್ಕ ಹಾಕಿ ಒಟ್ಟಲು ಪಾತಿ ಹಾಕುವುದಿಲ್ಲವೇ? ಸಸಿ ಬಲಿತು ಗದ್ದೆ ಕೆಸರಾಗದಿದ್ದರೂ ಕಷ್ಟ, ಗದ್ದೆ ಸಿದ್ಧವಾಗಿ ಸಸಿ ಎಳಸಾಗಿದ್ದರೂ ಕಷ್ಟ.

ಒಂದು ವಿಚಾರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಗರ್ಭಕೋಶದ ಒಳಮೈ ತಿಂಗಳಿನ ಬಹುಪಾಲು ದಿನ ಅಂಟದಂತೆಯೇ ಇರುತ್ತದೆ, ಎಣ್ಣೆ ಸವರಿ ಪಳಗಿಸಿದ ಕಬ್ಬಿಣದ ಕಾವಲಿಯ ಹಾಗೆ. ಒಳಪದರದ ಮೇಲ್ಗಡೆ ಇರುವ ಜೀವಕೋಶಗಳು ತಮ್ಮ ಮುಖದ ಮೇಲೆ ಮ್ಯೂಸಿನ್ ಎಂಬ ಉದ್ದುದ್ದ ಸಕ್ಕರೆ-ಪ್ರೋಟೀನ್ ಎಳೆಗಳನ್ನು ಬೆಳೆಸಿಕೊಂಡಿರುತ್ತವೆ. ಅದರಲ್ಲಿ ಮುಖ್ಯವಾದದ್ದು ಮ್ಯೂಸಿನ್-1. ಈ ಪೊದೆಯ ಎತ್ತರ ಎಷ್ಟೆಂದರೆ, ಅದರ ಕೆಳಗಿರುವ ಗಿಡ್ಡ ಅಂಟಣುಗಳಿಗೆ ಹೊರಗಿನಿಂದ ಬಂದದ್ದು ಮುಟ್ಟುವುದೇ ಇಲ್ಲ. ಸೋಂಕು ತಡೆಯಲು ಈ ಏರ್ಪಾಡು. ಇಲಿಗಳಲ್ಲಿ ಭ್ರೂಣ ಬರುವ ಹೊತ್ತಿಗೆ ಮ್ಯೂಸಿನ್ ತಾನಾಗಿ ಇಳಿದುಹೋಗುತ್ತದೆ. ಮನುಷ್ಯರಲ್ಲಿ ವಿಚಿತ್ರ, ಆ ದಿನಗಳಲ್ಲಿ ಅದು ಏರಿಯೇ ಇರುತ್ತದೆ. ಪ್ರಯೋಗಶಾಲೆಯಲ್ಲಿ ಭ್ರೂಣವನ್ನು ಒಳಪದರದ ಕೋಶಗಳ ಮೇಲಿಟ್ಟು ನೋಡಿದಾಗ, ಭ್ರೂಣ ಕೂತ ಜಾಗದಲ್ಲಿ ಮಾತ್ರ ಪೊದೆ ಸವರಿಹೋಗಿತ್ತು. ಎಂದರೆ ದಾರಿ ಮಾಡಿಕೊಳ್ಳುವುದರಲ್ಲಿ ಭ್ರೂಣದ್ದೂ ಕೈಯಿದೆ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕೆಂದರೆ ನಾಳದ ಬಸಿರನ್ನು ನೋಡಿ. ಭ್ರೂಣ ಗರ್ಭಕೋಶ ತಲುಪದೆ ಫಲೋಪಿಯನ್ ನಾಳದಲ್ಲೇ ಬೇರೂರಿ, ನಾಳ ಒಡೆದು, ರಾತ್ರೋರಾತ್ರಿ ಹೆಣ್ಣುಮಗಳನ್ನು ಆಪರೇಷನ್ನಿಗೆ ತಂದದ್ದನ್ನು ಮಂಡ್ಯದಲ್ಲೂ ಮೈಸೂರಿನಲ್ಲೂ ನನ್ನ ಸೇವೆಯ ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದೇನೋ. ಅಲ್ಲಿ ಯಾವ ಸಿದ್ಧತೆಯೂ ಇರುವುದಿಲ್ಲ, ಆದರೂ ಭ್ರೂಣ ಕಚ್ಚಿಕೊಳ್ಳುತ್ತದೆ. ಇಲಿಯ ಭ್ರೂಣವನ್ನು ಮೂತ್ರಪಿಂಡದ ಹೊದಿಕೆಯ ಕೆಳಗಿಟ್ಟರೂ ಅದು ಬೇರುಬಿಡಲು ಹೊರಡುತ್ತದೆ. ಸಿಕ್ಕಲ್ಲಿ ಕಚ್ಚುವುದು ಭ್ರೂಣದ ಸ್ವಭಾವ. ಬೇಡವೆಂದು ತಡೆಯುವುದು ಗರ್ಭಕೋಶದ ಸ್ವಭಾವ, ಕೆಲವೇ ದಿನಗಳ ಹೊರತು.

ಆ ಕೆಲವು ದಿನಗಳು ಯಾವುವು? 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕದಲ್ಲಿ ಹೆಚ್ಚುಕಡಿಮೆ 20ರಿಂದ 24ನೇ ದಿನ. 14ನೇ ದಿನದ ಆಸುಪಾಸು ಅಂಡಾಣು ಬಿಡುಗಡೆಯಾಗುತ್ತದೆ, ನಾಳದಲ್ಲಿ ವೀರ್ಯಾಣುವನ್ನು ಕೂಡುತ್ತದೆ, ಒಡೆದು ಎರಡಾಗಿ ನಾಲ್ಕಾಗಿ ಎಂಟಾಗಿ, ನಾಲ್ಕನೇ ದಿನದ ಸುಮಾರಿಗೆ ಗರ್ಭಕೋಶಕ್ಕೆ ಇಳಿಯುತ್ತದೆ. ಐದನೇ ದಿನಕ್ಕೆ ಒಳಗೆ ನೀರು ತುಂಬಿದ ಚೆಂಡಿನಂತಾಗುತ್ತದೆ. ಇದನ್ನೇ ಬ್ಲಾಸ್ಟೋಸಿಸ್ಟ್ ಅನ್ನುವುದು. ಆಮೇಲೆ ಮೊಟ್ಟೆಯ ಚಿಪ್ಪಿನಂಥ ಹೊದಿಕೆ ಬಿರಿದು ಹೊರಬರುತ್ತದೆ. ಅಮೆರಿಕದ ವಿಲ್ಕಾಕ್ಸ್ ಮತ್ತು ಜೊತೆಯವರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಹಜವಾಗಿ ಬಸಿರಾದವರ ದಿನದಿನದ ಮೂತ್ರ ಪರೀಕ್ಷಿಸಿ, ಭ್ರೂಣ ಬೇರೂರಿದ ದಿನ ಹಿಡಿದರು. ಆರು ವಾರ ದಾಟಿ ಉಳಿದ ಬಸಿರುಗಳಲ್ಲಿ ನೂರಕ್ಕೆ 84 ಅಂಡಾಣು ಬಿಡುಗಡೆಯಾದ 8, 9 ಅಥವಾ 10ನೇ ದಿನ ಬೇರೂರಿದ್ದವು. ತಡವಾದಷ್ಟೂ ಉಳಿಯುವುದು ಕಡಿಮೆಯಾಗಿತ್ತು. ಹದ ಅಂದರೆ ಇದು.

ಹದ ತರುವ ರೈತ ಪ್ರೊಜೆಸ್ಟರಾನ್ ಹಾರ್ಮೋನು. ಮೊದಲ ಹದಿನಾಲ್ಕು ದಿನ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಒಳಪದರವನ್ನು ದಪ್ಪ ಮಾಡುತ್ತದೆ. ನಿಮ್ಮ 9 ಮಿ.ಮೀ. ಅದರ ಫಲ. ದಪ್ಪ ಇದ್ದಮಾತ್ರಕ್ಕೆ ಹದ ಬಂತೆಂದಲ್ಲ. ಅಂಡಾಣು ಬಿಟ್ಟ ಮೇಲೆ ಪ್ರೊಜೆಸ್ಟರಾನ್ ಐದಾರು ದಿನ ಕೆಲಸ ಮಾಡಿದ ನಂತರವೇ ಒಳಪದರದ ಮುಖ ಬದಲಾಗುವುದು. ನಾನು ಪಿ.ಜಿ. ಓದುವಾಗ ಸೂಕ್ಷ್ಮದರ್ಶಕದಲ್ಲಿ ಒಳಪದರದ ಚೂರು ನೋಡಿ 'ಇದು ಹದಿನೇಳನೇ ದಿನದ್ದು, ಇದು ಇಪ್ಪತ್ಮೂರನೆಯದು' ಎಂದು ಹೇಳಬೇಕಿತ್ತು. ನಾಯ್ಸ್, ಹರ್ಟಿಗ್, ರಾಕ್ ಎಂಬ ಮೂವರು 1950ರಲ್ಲಿ ಕೊಟ್ಟ ಕೋಷ್ಟಕ ಅದಕ್ಕೆ ಆಧಾರ. ತಪ್ಪಿದರೆ ಮೇಷ್ಟ್ರ ಬೈಗುಳ. ಮುಂದೆ ತಿಳಿದದ್ದೇನೆಂದರೆ, ಒಂದೇ ಚೂರನ್ನು ಇಬ್ಬರು ಮೇಷ್ಟ್ರಿಗೆ ತೋರಿಸಿದರೆ ಅವರಿಬ್ಬರೂ ಒಪ್ಪುತ್ತಿರಲಿಲ್ಲ!

ಇನ್ನು ಅಂಟಣುಗಳ ಕತೆ. ಇಂಗ್ಲಿಷಿನಲ್ಲಿ ಇವಕ್ಕೆ ಸೆಲ್ ಅಡ್ಹೀಷನ್ ಮಾಲಿಕ್ಯೂಲ್ ಅನ್ನುತ್ತಾರೆ. ಒಂದು ಜೀವಕೋಶ ಇನ್ನೊಂದನ್ನು, ಅಥವಾ ತನ್ನ ಸುತ್ತಣ ನಾರನ್ನು, ಹಿಡಿದುಕೊಳ್ಳಲು ಬಳಸುವ ಪ್ರೋಟೀನ್ ಕೊಕ್ಕೆಗಳು. ಭ್ರೂಣದ ವಿಷಯದಲ್ಲಿ ಮೂರು ಮನೆತನ ಮುಖ್ಯ.

ಗದ್ದೆ ಬದುವಿನ ಮೇಲೆ ನಡೆದು ಬಂದರೆ ಸೀರೆ ಅಂಚಿಗೆ ಉತ್ತರಾಣಿ ಬೀಜ ಮೆತ್ತಿಕೊಂಡಿರುತ್ತದಲ್ಲ, ಸೆಲೆಕ್ಟಿನ್ ಮಾಡುವುದು ಅಂಥ ಕೆಲಸ. ಗಟ್ಟಿ ಹಿಡಿತವಲ್ಲ, ಹೋಗುತ್ತಿರುವುದನ್ನು ನಿಧಾನ ಮಾಡುವ ಸಣ್ಣ ಸಣ್ಣ ಕೊಕ್ಕೆ. ಗಾಯವಾದ ಜಾಗಕ್ಕೆ ಹೋಗಬೇಕಾದ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯ ಮೇಲೆ ಉರುಳುತ್ತಾ ನಿಲ್ಲುವುದು ಇದರಿಂದಲೇ. 2003ರಲ್ಲಿ ಕ್ಯಾಲಿಫೋರ್ನಿಯಾದ ತಂಡವೊಂದು ಅದೇ ಎಲ್-ಸೆಲೆಕ್ಟಿನ್ ಮನುಷ್ಯ ಭ್ರೂಣದ ಹೊರಮೈ ಮೇಲೂ ಇದೆ, ಅದು ಹಿಡಿಯುವ ಸಕ್ಕರೆ ಎಳೆಗಳು ಒಳಪದರದ ಮೇಲೆ ಹದದ ದಿನಗಳಲ್ಲಿ ಹೆಚ್ಚಾಗುತ್ತವೆ ಎಂದು ತೋರಿಸಿತು. ರಕ್ತಕಣದ ಹಳೆಯ ಉಪಾಯವನ್ನೇ ಭ್ರೂಣ ಎರವಲು ತಂದಂತಿದೆ. ಈ ಸಂಗತಿ ಮೊದಲು ಓದಿದಾಗ ನನಗೆ ಆದ ಸಂತೋಷ ಈಗಲೂ ನೆನಪಿದೆ.

ನಿಂತ ಮೇಲೆ ಹಿಡಿಯುವುದು ಇಂಟಿಗ್ರಿನ್. ಮನುಷ್ಯರಲ್ಲಿ ಇದರ 24 ಬಗೆಗಳಿವೆ. ಪ್ರತಿಯೊಂದೂ ಎರಡು ತುಂಡಿನ ಜೋಡಿ, ಒಂದು ಆಲ್ಫಾ ಒಂದು ಬೀಟಾ. ಇದು ಕೋಶದ ಚರ್ಮವನ್ನು ತೂರಿ ನಿಂತಿರುತ್ತದೆ. ಹೊರತುದಿ ಹೊರಗಿನ ನಾರನ್ನು ಹಿಡಿದರೆ ಒಳತುದಿ ಕೋಶದ ಒಳಗಿನ ಅಸ್ಥಿಪಂಜರಕ್ಕೆ ಕಟ್ಟಿಕೊಂಡಿದೆ. ಹೊರಗೆ ಎಳೆದರೆ ಒಳಗೆ ಸುದ್ದಿ ಹೋಗುತ್ತದೆ. ಗೋಂದಿಗೆ ಸುದ್ದಿ ಮುಟ್ಟಿಸಲು ಬಾರದು, ಇದಕ್ಕೆ ಬರುತ್ತದೆ. ಸಾಮಾನ್ಯವಾಗಿ ಒಳಪದರದ ಕೋಶ ತನ್ನ ಇಂಟಿಗ್ರಿನ್‌ಗಳನ್ನು ಬುಡದ ಕಡೆ ಇಟ್ಟು ತಳಕ್ಕೆ ಭದ್ರವಾಗಿ ಕೂತಿರುತ್ತದೆ. ಹದದ ದಿನಗಳಲ್ಲಿ ಕೆಲವು ಇಂಟಿಗ್ರಿನ್‌ಗಳು ಮೇಲ್ಮುಖಕ್ಕೂ ಬರುತ್ತವೆ. ಅವುಗಳಲ್ಲಿ ಹೆಸರಾದದ್ದು ಆಲ್ಫಾ-ವಿ ಬೀಟಾ-3. ಒಳಪದರ ಸ್ರವಿಸುವ ಆಸ್ಟಿಯೋಪಾಂಟಿನ್ ಎಂಬ ಪ್ರೋಟೀನನ್ನು ಅದು ಹಿಡಿಯುತ್ತದೆ. ಭ್ರೂಣದ ಮೈಮೇಲೂ ಅಂಥ ಇಂಟಿಗ್ರಿನ್ ಇರುವುದರಿಂದ, ಆಸ್ಟಿಯೋಪಾಂಟಿನ್ ನಡುವೆ ನಿಂತು ಎರಡೂ ಕಡೆ ಕೈಹಿಡಿಸುತ್ತದೆ ಎಂದು ತಿಳಿಯಲಾಗಿದೆ.

ಕ್ಯಾಡ್ಹೆರಿನ್ ಮೂರನೆಯದು. ಜಪಾನಿನ ಮಸಾತೋಷಿ ಟಾಕೀಚಿ ಕಂಡುಹಿಡಿದು ಹೆಸರಿಟ್ಟದ್ದು, ಕ್ಯಾಲ್ಸಿಯಂ ಇದ್ದರೆ ಮಾತ್ರ ಹಿಡಿಯುತ್ತದೆ ಎಂಬ ಕಾರಣಕ್ಕೆ ಆ ಹೆಸರು. (ಇದನ್ನೋದಿ ಕ್ಯಾಲ್ಸಿಯಂ ಮಾತ್ರೆ ಹೆಚ್ಚಿಗೆ ನುಂಗಬೇಡಿ. ರಕ್ತದ ಕ್ಯಾಲ್ಸಿಯಮ್ಮನ್ನು ದೇಹ ತಾನೇ ಅಳೆದು ಇಟ್ಟುಕೊಳ್ಳುತ್ತದೆ.) ಇದರ ಕೆಲಸ ಬಹಳ ಮೊದಲೇ ಶುರು. ಎಂಟು ಕೋಶದ ಭ್ರೂಣ ದ್ರಾಕ್ಷಿ ಗೊಂಚಲಿನಂತಿದ್ದದ್ದು ಒಂದು ಮುದ್ದೆಯಾಗುವುದು ಇ-ಕ್ಯಾಡ್ಹೆರಿನ್‌ನಿಂದ. ಇದಿಲ್ಲದ ಇಲಿ ಭ್ರೂಣಕ್ಕೆ ಹೊರಪದರವೇ ಸರಿಯಾಗಿ ಕಟ್ಟಲಿಲ್ಲ. ಒಳಪದರದಲ್ಲೂ ಕೋಶಗಳನ್ನು ಅಕ್ಕಪಕ್ಕ ಹೊಲಿದಿಟ್ಟಿರುವುದು ಇದೇ. ಭ್ರೂಣ ಒಳಗಿಳಿಯುವಾಗ ಆ ಹೊಲಿಗೆ ತುಸು ಸಡಿಲವಾಗಬೇಕು. ಗಮನಿಸಿ, ಇಲ್ಲಿ ಬೇಕಿರುವುದು ಅಂಟು ಹೆಚ್ಚುವುದಲ್ಲ, ಬಿಡುವುದು.

ಈಗ ನಿಮ್ಮ ಟೆಸ್ಟಿಗೆ ಬರುತ್ತೇನೆ. ಅಮೆರಿಕದ ಬ್ರೂಸ್ ಲೆಸ್ಸಿ ಎಂಬ ವೈದ್ಯರು 1992ರಲ್ಲಿ ಒಳಪದರದ ಇಂಟಿಗ್ರಿನ್‌ಗಳ ಕ್ಯಾಲೆಂಡರ್ ಮಾಡಿದರು. ಒಂದು ಬಗೆಯದು 24ನೇ ದಿನದ ಹೊತ್ತಿಗೆ ಮರೆಯಾಗುತ್ತದೆ, ಆಲ್ಫಾ-ವಿ ಬೀಟಾ-3 20ನೇ ದಿನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಇರುವ ದಿನಗಳು ಸರಿಯಾಗಿ ಭ್ರೂಣ ಬೇರೂರುವ ದಿನಗಳು. ಎಂಡೊಮೆಟ್ರಿಯೋಸಿಸ್ (ಒಳಪದರದಂಥದೇ ಪದರ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ) ಇರುವ ಕೆಲವರಲ್ಲಿ ಈ ಬೀಟಾ-3 ಬರುವುದೇ ಇಲ್ಲ ಎಂದೂ ಅವರ ತಂಡ ಕಂಡಿತು. ಸಹಜವಾಗಿಯೇ ಎಲ್ಲರಿಗೂ ಆಸೆ ಹುಟ್ಟಿತು: ಒಂದು ಚೂರು ತೆಗೆದು ಬೀಟಾ-3 ಇದೆಯೋ ಇಲ್ಲವೋ ನೋಡಿದರೆ ಮುಗಿಯಿತಲ್ಲ!

ಮುಗಿಯಲಿಲ್ಲ. ಮುಂದೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಮಕ್ಕಳಾದವರಲ್ಲೂ ಆಗದವರಲ್ಲೂ ಅದರ ಮಟ್ಟ ಒಂದರೊಳಗೊಂದು ಬೆರೆತುಹೋಗಿತ್ತು. ಇನ್ನೂ ದೊಡ್ಡ ಮಾತು: ಬೀಟಾ-3 ಜೀನ್ ಪೂರ್ತಿ ತೆಗೆದ ಇಲಿಗಳು ರಕ್ತಸ್ರಾವದ ತೊಂದರೆ, ಮಾಸಿನ ತೊಂದರೆ ಅನುಭವಿಸಿದವು, ಕೆಲವು ಬಸಿರು ಕಳೆದುಕೊಂಡವು, ಆದರೂ ಮರಿ ಹಾಕಿದವು. ಗ್ಲಾನ್ಜ್‌ಮನ್ ಕಾಯಿಲೆ ಎಂಬುದೊಂದಿದೆ, ರಕ್ತ ಹೆಪ್ಪುಗಟ್ಟದ ವಂಶವಾಹಿ ಕಾಯಿಲೆ. ಅದರಲ್ಲಿ ಒಂದು ಪಂಗಡದವರಿಗೆ ಕೆಟ್ಟಿರುವುದು ಇದೇ ಬೀಟಾ-3 ಜೀನ್. ಗ್ಲಾನ್ಜ್‌ಮನ್ ಇರುವ ಹೆಣ್ಣುಮಕ್ಕಳೂ ಬಸಿರಾಗುತ್ತಾರೆ, ಅವರ ವೈದ್ಯರಿಗೆ ಚಿಂತೆ ಹೆರಿಗೆಯ ರಕ್ತಸ್ರಾವದ್ದು. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಲಿಫ್ ಎಂಬ ಸಣ್ಣ ಸಂದೇಶ-ಪ್ರೋಟೀನ್ ಇಲ್ಲದ ತಾಯಿ ಇಲಿಯಲ್ಲಿ ಒಂದು ಭ್ರೂಣವೂ ನಿಲ್ಲಲಿಲ್ಲ, ಅದೇ ಭ್ರೂಣಗಳನ್ನು ಬೇರೆ ಇಲಿಗೆ ಹಾಕಿದರೆ ನಿಂತವು. 1992ರದೇ ಕೆಲಸ. ನನಗೆ ಇದರಿಂದ ತೋರುವುದು ಇಷ್ಟು: ಅಂಟಣುಗಳು ಒಂದು ಹೋದರೆ ಇನ್ನೊಂದು ನಿಭಾಯಿಸುವ ಕೂಲಿಯಾಳುಗಳ ಗುಂಪು, ಹದ ತರುವ ಹಾರ್ಮೋನು ಮತ್ತು ಸಂದೇಶಗಳು ಕೆಟ್ಟರೆ ಮಾತ್ರ ಕೆಲಸವೇ ನಿಲ್ಲುವುದು. ಹಾಗಾಗಿ ಬೀಟಾ-3 'ಕಮ್ಮಿ' ಎಂಬ ವರದಿಯನ್ನು ಕಾಯಿಲೆಯ ಹೆಸರು ಎಂದು ಓದಬಾರದು. ಬೇರೆಲ್ಲೋ ಹೊತ್ತಿದ ಬೆಂಕಿಯ ಹೊಗೆ ಇರಬಹುದು ಎಂದು ಓದಬೇಕು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟೆಸ್ಟಿಗೆ ದುಡ್ಡು ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಕೆರೆಯುವುದಕ್ಕೂ ಬೇಡ. 2019ರಲ್ಲಿ 1,364 ಮಹಿಳೆಯರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಒಳಪದರ ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಮಗು ಪಡೆದವರು ನೂರಕ್ಕೆ 26.1. ಎರಡೂ ಕಡೆ ಅದೇ ಅಂಕಿ, ದಶಮಾಂಶವೂ ಬದಲಾಗಲಿಲ್ಲ. ನಾಳೆ ಯಾರಾದರೂ ಜೀನ್ ನೋಡಿ ಹದದ ದಿನ ಹೇಳುವ ದುಬಾರಿ ಟೆಸ್ಟಿನ ಹೆಸರೆತ್ತಿದರೆ ಅದರ ಫಲವನ್ನೂ ಹೇಳಿಬಿಡುತ್ತೇನೆ. 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಗು ಪಡೆದವರು, ಟೆಸ್ಟಿನಂತೆ ದಿನ ಹೊಂದಿಸಿದವರಲ್ಲಿ ನೂರಕ್ಕೆ 58.5, ಮಾಮೂಲಿನಂತೆ ಹಾಕಿಸಿಕೊಂಡವರಲ್ಲಿ 61.9. ಗ್ಲೂ ವಿಷಯ ಮಾತ್ರ ಸ್ವಲ್ಪ ಬೇರೆ. ಹೆಸರಷ್ಟೇ ಗ್ಲೂ, ಅದರಲ್ಲಿರುವುದು ಹಯಾಲುರೊನಾನ್ ಎಂಬ, ನಮ್ಮ ದೇಹದಲ್ಲೇ ಇರುವ ಲೋಳೆಸಕ್ಕರೆ. 2020ರ ಒಂದು ದೊಡ್ಡ ಪರಾಮರ್ಶೆ ಅದರಿಂದ ಅಲ್ಪಸ್ವಲ್ಪ ಅನುಕೂಲ ಇದೆ, ಜೊತೆಗೆ ಅವಳಿಯಾಗುವ ಸಂಭವವೂ ಹೆಚ್ಚು ಎಂದಿತು. ಹಾಕಿದರೆ ಕೆಡುಕೇನಿಲ್ಲ, ಒಂದೇ ಭ್ರೂಣ ಹಾಕುವುದಾದರೆ. ಅದಕ್ಕಾಗಿ ಒಡವೆ ಅಡ ಇಡಬೇಡಿ.

ಹಾಗಾದರೆ ಎರಡು ಸಲ ಏಕೆ ನಿಲ್ಲಲಿಲ್ಲ? ಮೊದಲು ಭ್ರೂಣದ ಕಡೆ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಅಂದವಾಗಿ ಕಂಡ ಭ್ರೂಣದಲ್ಲೂ ಕ್ರೋಮೋಸೋಮಿನ ಲೆಕ್ಕ ತಪ್ಪಿರುವುದು ಬಹಳ ಸಾಮಾನ್ಯ. ತಾಯಿಯ ವಯಸ್ಸು ಏರಿದಂತೆ ಇದು ಹೆಚ್ಚುತ್ತದೆ. ನಿಮ್ಮದು 31, ಆ ಮಟ್ಟಿಗೆ ಒಳ್ಳೆಯದು. ಕ್ರೋಮೋಸೋಮ್ ಸರಿಯಿರುವ ಭ್ರೂಣಗಳನ್ನೇ ಆರಿಸಿ ಒಂದೊಂದಾಗಿ ಮೂರು ಸಲ ಹಾಕಿದವರಲ್ಲಿ ನೂರಕ್ಕೆ 95 ಮಂದಿಗೆ ಬಸಿರು ನಿಂತಿತೆಂದು 2021ರ ವರದಿಯೊಂದು ಹೇಳುತ್ತದೆ. ಒಳಪದರವೇ ಬೇಡ ಅನ್ನುವ ಹೆಣ್ಣುಮಕ್ಕಳು ಅಷ್ಟು ಅಪರೂಪ. ಮನೆ ಲೆಕ್ಕವೂ ಒಂದು ಹಾಕೋಣ. ಒಂದು ಸಲಕ್ಕೆ ಮೂರರಲ್ಲಿ ಒಂದು ಅವಕಾಶ ಎಂದಿಟ್ಟುಕೊಂಡರೆ, ಎರಡು ಸಲವೂ ತಪ್ಪುವ ಸಂಭವ ಒಂಬತ್ತರಲ್ಲಿ ನಾಲ್ಕು. ನಾಣ್ಯ ಚಿಮ್ಮಿದಂತೆಯೇ ಹೆಚ್ಚುಕಡಿಮೆ. ಯುರೋಪಿನ ತಜ್ಞರ ಸಂಘ 2023ರಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿ: ಇಷ್ಟು ಸಲ ಹಾಕಿದ್ದರಲ್ಲಿ ಒಟ್ಟು ಅವಕಾಶ ನೂರಕ್ಕೆ 60 ದಾಟಿದ್ದೂ ನಿಲ್ಲದಿದ್ದರೆ ಆಗ ಕಾರಣ ಹುಡುಕಿ.

ನಿಮ್ಮ ವಿಷಯದಲ್ಲಿ ಮಾತ್ರ ನಾನು ಅಷ್ಟು ದಿನ ಕಾಯುವುದಿಲ್ಲ. ಕಾರಣ ನೀವೇ ಪತ್ರದ ಕೊನೆಗೆ ಬರೆದು ದಾಟಿಹೋದ ಆ ಸಾಲು, 'ಎಡಗಡೆ ನಾಳದಲ್ಲಿ ನೀರು'.

ಇದಕ್ಕೆ ಹೈಡ್ರೋಸಾಲ್ಪಿಂಕ್ಸ್ ಎಂದು ಹೆಸರು. ಹಳೆಯ ಸೋಂಕಿನಿಂದ ನಾಳದ ಹೊರತುದಿ ಮುಚ್ಚಿಕೊಂಡು ಒಳಗೆ ದ್ರವ ನಿಲ್ಲುತ್ತದೆ. ಐವಿಎಫ್‌ಗೆ ನಾಳ ಬೇಡ ಎಂಬುದು ಅರ್ಧ ನಿಜ. ಅಂಡಾಣು ಹೊರಗೆ ತೆಗೆದು ಭ್ರೂಣವನ್ನು ನೇರ ಗರ್ಭಕೋಶಕ್ಕೆ ಹಾಕುವುದರಿಂದ ನಾಳದ ದಾರಿ ಬೇಡ, ಒಪ್ಪಿದೆ. ಆದರೆ ಆ ನಾಳದ ಒಳತುದಿ ಗರ್ಭಕೋಶಕ್ಕೆ ತೆರೆದೇ ಇದೆ. ಕೊಳೆತ ಮೋರಿಯ ನೀರು ತೂಬಿನಿಂದ ಗದ್ದೆಗೆ ಒಸರುವಂತೆ ಆ ದ್ರವ ಒಳಗೆ ಇಳಿಯುತ್ತದೆ. ಭ್ರೂಣಕ್ಕೂ ಅದು ಹಿತವಲ್ಲ, ಒಳಪದರಕ್ಕೂ ಅಲ್ಲ. ನೀರು ತುಂಬಿದ ನಾಳ ಇರುವವರಲ್ಲಿ ಐವಿಎಫ್ ಬಸಿರಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು 1990ರ ದಶಕದ ಕೊನೆಯಿಂದ ಗೊತ್ತಿರುವ ಸಂಗತಿ. ಅಂಥ ನಾಳ ತೆಗೆದು ಅಥವಾ ಗರ್ಭಕೋಶದ ಬುಡದಲ್ಲಿ ಕಟ್ಟಿ ಆಮೇಲೆ ಭ್ರೂಣ ಹಾಕಿದರೆ ಫಲ ಉತ್ತಮಗೊಳ್ಳುತ್ತದೆ ಎಂಬುದೂ ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಇಲ್ಲೇ ನಿಮ್ಮ ಇಂಟಿಗ್ರಿನ್ ಮತ್ತೆ ಬರುವುದು ನೋಡಿ. 1997ರಲ್ಲಿ ಪ್ರಕಟವಾದ ಕೆಲಸವೊಂದರಲ್ಲಿ ನೀರು ತುಂಬಿದ ನಾಳ ಇರುವವರ ಒಳಪದರದಲ್ಲಿ ಆಲ್ಫಾ-ವಿ ಬೀಟಾ-3 ಕಡಿಮೆ ಇತ್ತು, ನಾಳಕ್ಕೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ ಹೆಚ್ಚಿನವರಲ್ಲಿ ಮರಳಿ ಬಂತು. ಅಂದರೆ ನೀವು ಆ ದುಬಾರಿ ಟೆಸ್ಟು ಮಾಡಿಸಿದ್ದರೂ, ಅದು 'ಕಮ್ಮಿ' ಎಂದೇ ಬಂದಿದ್ದರೂ, ಮಾಡಬೇಕಾದ ಕೆಲಸ ನಿಮ್ಮ ಹಳೆಯ ಟ್ಯೂಬ್ ಟೆಸ್ಟಿನ ಫಿಲಂನಲ್ಲೇ ಬರೆದಿತ್ತು. ಹೊಗೆ ಅಂದೆನಲ್ಲ, ಇದು ಬೆಂಕಿ ಇರಬಹುದು.

ಮೂರು ವರ್ಷ ಹಳೆಯ ಫಿಲಂ ನೋಡಿ ಆಪರೇಷನ್ ಮಾಡಿಸಿ ಎನ್ನುವಷ್ಟು ದುಡುಕು ನನಗಿಲ್ಲ. ಮೊದಲು ಈ ಸಲದ ಮುಟ್ಟಿನ ಸ್ರಾವ ಮುಗಿದ ಕೂಡಲೇ ಒಂದು ಒಳಗಿನ ಸ್ಕ್ಯಾನಿಂಗ್ ಮಾಡಿಸಿ, 'ಎಡನಾಳದ ನೀರು ಈಗಲೂ ಕಾಣುತ್ತದೆಯೇ, ಗರ್ಭಕೋಶದ ಒಳಗೆ ದ್ರವ ಇದೆಯೇ' ಎಂದು ಬರೆಸಿಕೊಳ್ಳಿ. ಸ್ಕ್ಯಾನಿಂಗ್‌ನಲ್ಲೇ ಕಾಣುವಷ್ಟು ಹಿಗ್ಗಿದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಯಿಸಿ) ಅದನ್ನು ತೆಗೆಯುವ ಅಥವಾ ಕಟ್ಟುವ ಮಾತು ಆಡಬೇಕು. ಅದೇ ಹೊತ್ತಿಗೆ ಹಿಸ್ಟೆರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಕ್ಯಾಮೆರಾ ಹಾಯಿಸಿ) ಒಳಗೆ ಪಾಲಿಪ್, ಗಡ್ಡೆ, ಗೋಡೆಗೆ ಗೋಡೆ ಬೆಸೆದದ್ದು ಏನಾದರೂ ಇದೆಯೇ ಎಂದೂ ಕಣ್ಣಾರೆ ನೋಡಬಹುದು.

ನಾಳ ಹೀಗೇಕಾಯಿತು ಎಂದೂ ಕೇಳಿಕೊಳ್ಳಬೇಕು. ನಮ್ಮ ಕಡೆ ಅದಕ್ಕೆ ಒಂದು ಕಾರಣ ಕ್ಷಯ. ಕ್ಷಯ ಅಂದರೆ ಜನಕ್ಕೆ ಕೆಮ್ಮು, ಕೆಆರ್‌ಎಸ್ ರಸ್ತೆಯ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ, ಅಷ್ಟೇ ನೆನಪು. ಕೆಮ್ಮೇ ಇಲ್ಲದೆ ನಾಳದಲ್ಲೂ ಒಳಪದರದಲ್ಲೂ ಅದು ಸದ್ದಿಲ್ಲದೆ ಕೂತಿರಬಲ್ಲದು. ಮುಟ್ಟಿನ ಸ್ರಾವ ಮೊದಲಿಗಿಂತ ಕಡಿಮೆಯಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿತ್ತೇ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಅನುಮಾನ ಬಂದರೆ ಒಳಪದರದ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಒಂದು ಎಚ್ಚರಿಕೆ: ರೋಗಾಣುವಿನ ಜೀನ್ ಹುಡುಕುವ ಪಿಸಿಆರ್ ಎಂಬ ಒಂದೇ ಪರೀಕ್ಷೆ ಪಾಸಿಟಿವ್ ಬಂತೆಂದು ಆರು ತಿಂಗಳ ಮಾತ್ರೆ ಶುರು ಮಾಡಿಬಿಡುವ ರೂಢಿ ನಮ್ಮಲ್ಲಿದೆ. ಕಲ್ಚರ್ (ರೋಗಾಣು ಬೆಳೆಸಿ ನೋಡುವುದು), ಸೂಕ್ಷ್ಮದರ್ಶಕದ ವರದಿ, ಲ್ಯಾಪ್ರೋಸ್ಕೋಪಿಯಲ್ಲಿ ಕಂಡದ್ದು, ಇವುಗಳ ಜೊತೆ ಇಟ್ಟು ತೂಗಿ ಆಮೇಲೆ ತೀರ್ಮಾನಿಸಲು ಕೇಳಿ. ಥೈರಾಯ್ಡ್, ಸಕ್ಕರೆ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ನಿಮ್ಮ ಯಜಮಾನರು ಬೀಡಿ, ತಂಬಾಕು ಹಾಕುತ್ತಿದ್ದರೆ ಅದು ಇವತ್ತಿಗೇ ಕೊನೆಯಾಗಲಿ. ಎಲ್ಲವನ್ನೂ ನಿಮ್ಮ ಗರ್ಭಕೋಶದ ತಲೆಗೇ ಕಟ್ಟಬೇಕಿಲ್ಲ.

ಫ್ರೀಜ್ ಮಾಡಿಟ್ಟ ಭ್ರೂಣ ಹಾಳಾಗಿಬಿಡುತ್ತದೇನೋ ಎಂಬ ಆತಂಕ ನಿಮಗೆ ಇದ್ದೇ ಇರುತ್ತದೆ, ಬೇಡ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಟ್ಟದ್ದಕ್ಕೆ ನಾಲ್ಕು ತಿಂಗಳು, ಆರು ತಿಂಗಳು ಲೆಕ್ಕವಲ್ಲ. ಭ್ರೂಣವನ್ನು ಕಾದಿರಿಸಿ ಗರ್ಭಕೋಶ ಹದಕ್ಕೆ ಬಂದ ಮೇಲೆ ಹಾಕುವ ಬುದ್ಧಿಯನ್ನು ನಮ್ಮವರೇ ಒಬ್ಬರು ಬಹಳ ಹಿಂದೆ ತೋರಿಸಿದ್ದರು. ಕೋಲ್ಕತ್ತಾದ ಡಾ. ಸುಭಾಷ್ ಮುಖೋಪಾಧ್ಯಾಯ, 1978. ಅಂಡಾಣುವಿಗಾಗಿ ಔಷಧಿ ಕೊಟ್ಟ ತಿಂಗಳಿನಲ್ಲಿ ಭ್ರೂಣ ಹಾಕದೆ, ಫ್ರೀಜ್ ಮಾಡಿಟ್ಟು, ಮುಂದಿನ ಬೇರೊಂದು ತಿಂಗಳಿನಲ್ಲಿ ಹಾಕಿದರು. ಅವರನ್ನು ಆಗ ಯಾರೂ ನಂಬಲಿಲ್ಲ, 1981ರಲ್ಲಿ ಅವರು ಜೀವ ಕಳೆದುಕೊಂಡರು. 1997ರಲ್ಲಿ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಭಾರತದ ಮೊದಲ ಐವಿಎಫ್ ಮಗು ಮುಖೋಪಾಧ್ಯಾಯರ ಕೈಯಿಂದಲೇ ಆದದ್ದು ಎಂದು ಲೋಕಕ್ಕೆ ಹೇಳಿದರು, ಅದುವರೆಗೆ ಆ ಹೆಸರು ತಮ್ಮದೇ ಆಗಿದ್ದರೂ.

ಆದ್ದರಿಂದ ಆಸ್ಪತ್ರೆಯವರಿಗೆ ಹೀಗೆ ಹೇಳಿ: ಇಂಟಿಗ್ರಿನ್ ಟೆಸ್ಟು ಸದ್ಯಕ್ಕೆ ಬೇಡ, ಎಡನಾಳ ನೋಡಿ ಆಮೇಲೆ ಮಾತಾಡೋಣ. ಹೋಗುವಾಗ ಆ ಹಳೆಯ ಫಿಲಂ ತೆಗೆದುಕೊಂಡು ಹೋಗಿ, ವರದಿಯ ಕಾಗದ ಮಾತ್ರ ಸಾಲದು. ಬಲಗಡೆ ನಾಳ ಸರಿಯಿದೆ ಎಂದು ಬರೆದಿದ್ದೀರಿ. ಒಂದೇ ಕಡೆ ನೀರು ತುಂಬಿದ ನಾಳ ತೆಗೆಸಿದ ಮೇಲೆ ಐವಿಎಫ್‌ವರೆಗೆ ಹೋಗುವ ಮೊದಲೇ ಬಸಿರಾದವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಹಾಗಾಗಿ ಲ್ಯಾಪ್ರೋಸ್ಕೋಪಿ ಮಾಡುವವರಿಗೆ ಬಲನಾಳವನ್ನೂ ಬಣ್ಣ ಹಾಯಿಸಿ ನೋಡಲು ಮೊದಲೇ ಹೇಳಿಡಿ. ಊರಿಗೆ ವಾಪಸ್ ಬಸ್ಸಲ್ಲೇ ಬನ್ನಿ.